ಮೂರು ಬೆರಳಿನ ಬಾಯಿ

ವಿರುಪಾಕ್ಷಪ್ಪ ಹುಟ್ಟಿದಾಗಿನಿಂದ ತಿನ್ನದಷ್ಟು ಕಬ್ಬನ್ನು ತೊಂಬತ್ತೆರಡರ ಆ ಜನವರಿಯ ಎರಡೇ ವಾರದಲ್ಲಿ ತಿಂದ. ವಯಸ್ಸು ಐವತ್ತೆಂಟು. ಬಲಗಡೆಯ ಎರಡು ದವಡೆ ಹಲ್ಲು ಬಿದ್ದು ಮೂರು ವರ್ಷವಾಗಿತ್ತು, ಎಡಗಡೆಯದೊಂದು ಅಲುಗಾಡುತ್ತಿತ್ತು. ಆದರೂ ತಿಂದ. ಮಗನ ಪಾಲಿಗೆ ಬಂದದ್ದನ್ನೆಲ್ಲ ತಾನು ತಿನ್ನದೆ ಬೇರೆ ದಾರಿ ಇರಲಿಲ್ಲ.

ಮಗ ಸಿದರಾಯ ವಾಯುಸೇನೆಯಲ್ಲಿ ಪೈಲಟ್, ಯುದ್ಧವಿಮಾನ ಹಾರಿಸುವವನು. ಇಪ್ಪತ್ತೆಂಟು ವರ್ಷ. ಜುಗೂಳದಲ್ಲಿ ಅಲ್ಲಿಯವರೆಗೆ ವಿಮಾನವನ್ನು ಜನ ಕತ್ತೆತ್ತಿ ನೋಡಿದ್ದರೇ ಹೊರತು ಅದರೊಳಗೆ ಕೂತವರನ್ನು ನೋಡಿರಲಿಲ್ಲ. ಹಾಗಾಗಿ ಅವನು ಸಂಕ್ರಾಂತಿಗೆಂದು ರಜೆ ಹಾಕಿ ಬಂದ ಕೂಡಲೇ ಊರಿಗೆ ಊರೇ ಅವನ ಬಾಯಿಗೆ ಏನಾದರೂ ತುರುಕಲು ಸಾಲುಗಟ್ಟಿತು. ಒಬ್ಬರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದೂ ಒಣಗಿಸಿ ಕಟಕಟ ಅನ್ನುವಂಥದ್ದು. ಇನ್ನೊಬ್ಬರು ಹಲ್ಲಿಗೆ ಅಂಟುವ ಎಳ್ಳಿನುಂಡೆ. ಕಬ್ಬಂತೂ ಹೋದಲ್ಲಿ ಬಂದಲ್ಲಿ.

ಆ ಬಾಯಿಯ ವಿಷಯ ಗೊತ್ತಿದ್ದದ್ದು ಇಬ್ಬರಿಗೇ: ಬಾಯಿ ಇದ್ದವನಿಗೆ, ಮತ್ತು ವಿರುಪಾಕ್ಷಪ್ಪನಿಗೆ.

ಬಂದ ಮರುದಿನ ಬೆಳಿಗ್ಗೆ ಹೊಳೆದಂಡೆಯ ಹೊಲದಲ್ಲಿ, ಕಬ್ಬಿಗೆ ನೀರು ತಿರುವುತ್ತಿದ್ದ ಅಪ್ಪನ ಹತ್ತಿರ ಬಂದು ಸಿದರಾಯ ನಿಂತಿದ್ದ.

"ಅಪ್ಪಾ, ಒಂದ ಮಾತ ಹೇಳತೀನಿ. ಅವ್ವಗ ಹೇಳಬ್ಯಾಡ."

ವಿರುಪಾಕ್ಷಪ್ಪ ಸಲಿಕೆ ಊರಿ ನಿಂತ. ಅಲ್ಲೆಲ್ಲೋ ಹುಡುಗಿ ನೋಡಿಕೊಂಡಿದ್ದಾನೆ, ಹೆಣ್ಣು ಕೊಡುತ್ತೇವೆಂದು ಬಂದಿದ್ದ ಭೋಜ ಊರಿನವರಿಗೆ ಏನು ಹೇಳುವುದು ಎಂದು ಲೆಕ್ಕ ಹಾಕತೊಡಗಿದ. ಸಿದರಾಯ ಬಲಗೈಯ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಬಾಯೊಳಗೆ ಇಡಲು ಹೋದ. ಎರಡು ಹೋದವು. ಮೂರನೆಯದಕ್ಕೆ ಬಾಯಿ ಬಿಡಲಿಲ್ಲ. ಕಿವಿಯ ಮುಂದೆ ಕಟ್ ಎಂದು ಸದ್ದಾಯಿತು, ಕಣ್ಣಲ್ಲಿ ನೀರು ಬಂತು.

"ಮೂರೂ ಹೋಗಬೇಕು," ಎಂದ. "ಫೆಬ್ರುವರಿ ಐದಕ್ಕ ಡಾಕ್ಟರ ತಪಾಸಣಿ ಐತಿ. ಮೂರು ಬೆರಳ ಹೋಗಬೇಕು, ದವಡಿ ಒತ್ತಿದ್ರ ನೋವು ಇರಬಾರದು. ಇಲ್ಲಂದ್ರ ಹಾರೂದು ಬಂದ್."

"ಏನಾತೋ? ಯಾರರ ಹೊಡದ್ರೇನು?"

"ಯಾರ ಹೊಡಿತಾರ ಅಪ್ಪಾ. ನಾನ ಹಲ್ಲ ಕಡದು ಕಡದು ಹಿಂಗ ಮಾಡಿಕೊಂಡೀನಿ."

ಆಮೇಲೆ ನೀರು ಮುಂದಿನ ಸಾಲಿಗೆ ಹೋಗುವ ತನಕ ಬಿಡಿಸಿ ಹೇಳಿದ. ವಿಮಾನ ಜೋರಾಗಿ ತಿರುಗಿದರೆ ಮೈ ಐದಾರು ಪಟ್ಟು ಭಾರವಾಗುತ್ತದೆ, ತಲೆಯ ರಕ್ತ ಕಾಲಿಗೆ ಇಳಿಯುತ್ತದೆ, ಕಣ್ಣು ಕಪ್ಪಾಗುತ್ತದೆ. ಅದನ್ನು ತಡೆಯಲು ತೊಡೆ, ಹೊಟ್ಟೆ ಬಿಗಿ ಹಿಡಿದು ಉಸಿರು ಕಟ್ಟಬೇಕು. ಆಗ ಹಲ್ಲು ತಾವಾಗಿ ಕೂಡುತ್ತವೆ. ಮುಖಕ್ಕೆ ಮುಖವಾಡ ಬಿಗಿದಿರುತ್ತದೆ, ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ. ಕೆಳಗಿಳಿದ ಮೇಲೂ ದವಡೆಗೆ ಇಳಿದದ್ದು ಗೊತ್ತಾಗುವುದಿಲ್ಲ, ನಿದ್ದೆಯಲ್ಲೂ ಕಡಿಯುತ್ತಲೇ ಇರುತ್ತದೆ.

ವಿರುಪಾಕ್ಷಪ್ಪನಿಗೆ ಇದು ತಿಳಿಯದ ಮಾತೇನಲ್ಲ. ಹೊಳೆದಂಡೆಯ ಏರಿನಲ್ಲಿ ಕಬ್ಬಿನ ಗಾಡಿ ಹತ್ತಿಸುವಾಗ ತನ್ನ ಹಲ್ಲೂ ಹಾಗೇ ಕೂಡುತ್ತಿದ್ದವು. "ಔಷಧ ಏನ ಕೊಟ್ಟಾರ?" ಎಂದ.

"ಔಷಧ ಅಂದ್ರ ಆರಾಮ. ಮೆತ್ತನ ಊಟ. ಬಿಸಿ ಶಾಖ. ಮಲಗುವಾಗ ಇದು." ಕಿಸೆಯಿಂದ ಒಂದು ಡಬ್ಬಿ ತೆಗೆದು ತೋರಿಸಿದ. ಕುದುರೆ ಲಾಳದಂಥ ಒಂದು ಪ್ಲಾಸ್ಟಿಕ್ ಚಿಪ್ಪು, ಗಾಜಿನ ಹಾಗೆ ತಿಳಿ, ಮೇಲಿನ ಹಲ್ಲಿಗೆ ಸರಿಯಾಗಿ ಕೂಡುವಂಥದ್ದು. "ಕಡಿಯೂದು ಕಡಿತೈತಿ, ಆದ್ರ ಹಲ್ಲಿಗೆ ಹಲ್ಲು ಹತ್ತೂದಿಲ್ಲ, ದವಡಿಗೂ ಜರಾ ಬಿಡುವು. ಹಗಲೊತ್ತು ನೀರಾಗ ಇಡಬೇಕು."

"ಇಷ್ಟ ಅಲ್ಲ? ಅವ್ವಗ ಹೇಳಾಕ ಏನ?"

"ಹೇಳಿದ್ರ ಇವತ್ತ ಸಂಜಿಯಿಂದ ಸುರು ಆಗತೈತಿ, ಹಾರೂದ ಬಿಡು, ಕೆಳಗ ಇಳಿ, ಕೆಳಗ ಇಳಿ ಅಂತ. ಮಾರ್ಚದಾಗ ಹೊಸ ವಿಮಾನದ ತರಬೇತಿಗೆ ಎಂಟ ಮಂದಿನ್ನ ಆರಿಸ್ಯಾರ ಅಪ್ಪಾ. ಅದರಾಗ ನಾ ಒಬ್ಬಾಂವ. ಈ ತಪಾಸಣಿಯಾಗ ನಪಾಸಾದ್ರ ಅದು ಹೋತು."

ವಿರುಪಾಕ್ಷಪ್ಪ ಹೂಂ ಅಂದುಬಿಟ್ಟ. ಅಂದದ್ದೇ ತಪ್ಪಾಯಿತು.

ಅದೇ ಸಂಜೆ ಲಗಮಣ್ಣ ಬಂದು ತಂದೆ ಮಗ ಇಬ್ಬರನ್ನೂ ತನ್ನ ಗಾಣಕ್ಕೆ ಕರೆದೊಯ್ದ. ಲಗಮಣ್ಣ ಅಂದರೆ ಪಕ್ಕದ ಹೊಲದವನು, ಅವನ ಗಾಣ ಸುರುವಾಗಿ ವಾರವಾಗಿತ್ತು. ಗಾಣಕ್ಕೆ ಬಂದವನು ಕಬ್ಬು ಕಡಿಯದೆ ಹೋದರೆ ಗಾಣದವನಿಗೆ ಅವಮಾನ, ಇದು ಆ ಕಡೆಯ ರೀತಿ. ವೈರಿ ಬಂದರೂ ಒಂದು ಗಣಿಕೆ ಸುಲಿದು ಕೈಗೆ ಕೊಡುತ್ತಾರೆ. ಲಗಮಣ್ಣ ತಾನೇ ಆರಿಸಿ, ತುದಿ ಕಡಿದು, ಎದೆಯುದ್ದದ ಕಬ್ಬು ಸಿದರಾಯನ ಕೈಯಲ್ಲಿಟ್ಟ. ಹತ್ತು ಜನ ಸುತ್ತ ಕೂತು ನೋಡುತ್ತಿದ್ದರು, ಪೈಲಟ್ ಕಬ್ಬು ಹೇಗೆ ತಿನ್ನುತ್ತಾನೆ ಅಂತ.

"ಕೊಡಿಲ್ಲಿ," ಎಂದು ವಿರುಪಾಕ್ಷಪ್ಪ ಕಸಿದುಕೊಂಡ. "ನನಗ ಹಸಿವ್ಯಾಗೇತಿ."

"ಅಣ್ಣಾ, ನಿನಗ ಬ್ಯಾರೆ ಕೊಡತೀನಲ್ಲೋ."

"ನನಗ ಇದ ಬೇಕು."

ಮರುದಿನ ಊರಲ್ಲಿ ಮಾತಾಯಿತು: ವಿರುಪಾಕ್ಷಪ್ಪ ಮಗನ ಕೈಯಾಗಿನ ಕಬ್ಬು ಕಿತಗೊಂಡು ತಿಂದ, ವಯಸ್ಸಾದಂಗ ಮನಶ್ಯಾಗ ಆಶಾ ಹೆಚ್ಚು. ಮೂರನೆಯ ದಿನ ಇನ್ನೊಂದು ಮಾತಾಯಿತು: ಹುಡುಗ ದೊಡ್ಡಾಂವ ಆಗ್ಯಾನ, ನಮ್ಮ ಹೊಲದ ಕಬ್ಬು ಅವಗ ಸೇರೂದಿಲ್ಲ. ಮಾತಾಡುವಾಗ ಅವನ ಕೆನ್ನೆಯ ಸ್ನಾಯು ಗುಬ್ಬಿಯ ಹಾಗೆ ಮಿಡಿಯುತ್ತಿದ್ದದ್ದನ್ನು ನೋಡಿ, ಸಿಟ್ಟು ನುಂಗಿಕೊಂಡು ಕೂಡುತ್ತಾನೆ ಅಂತಲೂ ಅಂದರು. ವಿರುಪಾಕ್ಷಪ್ಪ ಯಾರಿಗೆ ಏನು ಹೇಳಬೇಕು? ಎರಡು ವಾರ ಅವನು ಮಗನ ಬಾಯಿಗೆ ಕಾವಲುಗಾರನಾದ. ಯಾರಾದರೂ ಡಬ್ಬಿ ಹಿಡಿದು ಬಂದರೆ ಎದ್ದು ನಿಲ್ಲುವುದು, ಇಸಿದುಕೊಳ್ಳುವುದು, ತಿನ್ನುವುದು. ಅಲುಗಾಡುವ ಹಲ್ಲು ಎಂಟನೆಯ ದಿನ ಒಂದು ಎಳ್ಳಿನುಂಡೆಯಲ್ಲಿ ಉಳಿಯಿತು. ಉಗುಳಿ ನೋಡಿದ, ಮಣ್ಣಿಗೆ ಒಗೆದ, ಯಾರಿಗೂ ಹೇಳಲಿಲ್ಲ.

ಮನೆಯೊಳಗೆ ಇನ್ನೂ ಕಷ್ಟ. ವಿರುಪಾಕ್ಷಪ್ಪನ ಅಕ್ಕ ಕೆಂಪವ್ವ ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದಳು, ಅವಳ ಕಿವಿ ಹಾವಿನ ಕಿವಿ. ಸಿದರಾಯ ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಅಡ್ಡಾದನೆಂದರೆ ಹತ್ತು ನಿಮಿಷಕ್ಕೆ ಕರ್ ಕರ್ ಎಂದು ಸುರುವಾಗುತ್ತಿತ್ತು, ಬೀಸುವ ಕಲ್ಲಿಗೆ ಜೋಳ ಹಾಕದೆ ತಿರುವಿದ ಹಾಗೆ.

"ಹುಳ," ಅಂದಳು ಕೆಂಪವ್ವ. "ಹೊಟ್ಟಿ ತುಂಬ ಹುಳ ಆಗ್ಯಾವ. ನಿದ್ದ್ಯಾಗ ಹಲ್ಲ ಕಡಿಯೂದು ಅಂದ್ರ ಮತ್ತೇನ?"

"ಅಕ್ಕಾ, ಅವನ ಹೊಟ್ಟಿ ಬರೋಬರಿ ಐತಿ."

"ನಿನಗೇನ ಗೊತ್ತು, ಹೊಟ್ಟಿಯಾಗ ಇಳದ ನೋಡಿ ಬಂದೀಯೇನು?"

ಬೇವಿನ ಚಿಗುರು ಅರೆದು, ಬೆಲ್ಲದ ಉಂಡೆ ಮಾಡಿ ಮೂರು ದಿನ ತಿನ್ನಿಸಿದಳು. ಫ್ಲೈಟ್ ಲೆಫ್ಟಿನೆಂಟ್ ಸಿದರಾಯ ಕಣ್ಣು ಮುಚ್ಚಿ ನುಂಗಿದ. ಅದೊಂದೇ ಅವನು ಜಗಿಯದೆ ತಿನ್ನಬಹುದಾದದ್ದು.

ಹಗಲೊತ್ತು ಆ ಚಿಪ್ಪನ್ನು ಇಡಲು ಜಾಗ ಬೇಕಿತ್ತಲ್ಲ. ಅವನ ಡಬ್ಬಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ವಿರುಪಾಕ್ಷಪ್ಪ ಅವಸರದಲ್ಲಿ ಕೈಗೆ ಸಿಕ್ಕ ಸಣ್ಣ ಹಿತ್ತಾಳೆ ತಂಬಿಗೆ ತಂದುಕೊಟ್ಟ. ಅದರಲ್ಲಿ ನೀರು ತುಂಬಿ, ಚಿಪ್ಪು ಮುಳುಗಿಸಿ, ಅಟ್ಟದ ಮೇಲೆ ಬೀಜದ ಚೀಲಗಳ ಹಿಂದೆ ಇಟ್ಟರು. ಅದು ಪೂಜೆಯ ತಂಬಿಗೆ ಎನ್ನುವುದು ಅವನ ತಲೆಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ಜಗಲಿಯ ದೇವರಿಗೆ ನೀರು ಎರೆಯುವವಳು ಅವನ ಹೆಂಡತಿ ಶಿವಗಂಗವ್ವ. ಅವಳು ಆ ತಂಬಿಗೆಯನ್ನು ಹನ್ನೆರಡು ದಿನ ಹುಡುಕಿದಳು. ಕೆಂಪವ್ವನನ್ನು ಕೇಳಿದಳು, ಪಾತ್ರೆ ತಿಕ್ಕುವ ದುಂಡವ್ವನನ್ನು ಕೇಳಿದಳು, ದುಂಡವ್ವ ಅತ್ತು ಎರಡು ದಿನ ಕೆಲಸಕ್ಕೆ ಬರಲಿಲ್ಲ. ವಿರುಪಾಕ್ಷಪ್ಪನನ್ನು ಮಾತ್ರ ಕೇಳಲಿಲ್ಲ, ಪೂಜೆಯ ಸಾಮಾನಿನ ಗೊಡವೆ ಅವನಿಗೆಲ್ಲಿಯದು.

ಹದಿಮೂರನೆಯ ದಿನ ಸೋಮವಾರ. ಶೇಂಗಾ ಬೀಜ ತೆಗೆಯಲು ಅಟ್ಟ ಹತ್ತಿದವಳಿಗೆ ತಂಬಿಗೆ ಸಿಕ್ಕಿತು. ಒಳಗೆ ನೀರಲ್ಲಿ ಹಲ್ಲಿನ ಆಕಾರದ ಏನೋ ಒಂದು. ಬಾಯಿಗೆ ಹಾಕಿ ತೆಗೆದದ್ದು ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ದೇವರ ತಂಬಿಗೆಯಲ್ಲಿ ಎಂಜಲು! ಅವಳು ಹಿಂದೆ ಮುಂದೆ ನೋಡಲಿಲ್ಲ. ಎಂಜಲಾದ ತಂಬಿಗೆಗೆ ಆ ಮನೆಯಲ್ಲಿ ಇದ್ದದ್ದು ಒಂದೇ ಮದ್ದು, ಹಾಲಿನ ಗಡಿಗೆಗೂ ಅದೇ. ಬಚ್ಚಲ ಒಲೆಯ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ತಂಬಿಗೆಯನ್ನು ಇದ್ದ ಹಾಗೇ ಅದರೊಳಗೆ ಮುಳುಗಿಸಿಬಿಟ್ಟಳು.

ವಿರುಪಾಕ್ಷಪ್ಪ ದನಗಳಿಗೆ ಮೇವು ಹಾಕಿ ಬರುವಷ್ಟರಲ್ಲಿ ಅವಳು ಇಕ್ಕಳದಿಂದ ಚಿಪ್ಪನ್ನು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಕರಿದ ಹಪ್ಪಳದ ಹಾಗೆ ಮುರುಟಿ ಹೋಗಿತ್ತು.

"ದೇವರ ತಂಬಿಗ್ಯಾಗ ಯಾರದ್ರಿ ಇದು?"

ಎರಡು ವಾರದ ಕಬ್ಬು, ಉಂಡೆ, ರೊಟ್ಟಿ, ಹೋದ ಹಲ್ಲು ಎಲ್ಲ ಒಮ್ಮೆಲೇ ಅವನ ತಲೆಗೇರಿತು. "ಹಾಳಾತು," ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. "ಎಲ್ಲಾ ಹಾಳ ಮಾಡಿದಿ. ಏನ ಅಂತ ಕೇಳಬಾರದ? ಕುದಿಯೂ ನೀರಾಗ ಯಾರರ ಹಾಕತಾರ?"

"ಕೇಳಾಕ ಅದಕ್ಕ ಬಾಯಿ ಇತ್ತೇನು? ಅಟ್ಟದ ಮ್ಯಾಲ ಮುಚ್ಚಿಟ್ಟವರು ನೀವ. ದುಂಡವ್ವನ್ನ ಕಳ್ಳಿ ಮಾಡಿದ್ನಲ್ಲ ನಾ, ಆಕಿ ಮಾರಿ ಹೆಂಗ ನೋಡಲಿ?"

ಸದ್ದು ಕೇಳಿ ಸಿದರಾಯ ಹೊರಗೆ ಬಂದ. ಇಕ್ಕಳದಲ್ಲಿದ್ದದ್ದನ್ನು ನೋಡಿದ. ಕೆನ್ನೆ ಎರಡು ಸಲ ಮಿಡಿಯಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ವಿರುಪಾಕ್ಷಪ್ಪ ಎಲ್ಲ ಹೇಳಿದ: ಮೂರು ಬೆರಳು, ಫೆಬ್ರುವರಿ ಐದು, ಮಾರ್ಚಿನ ತರಬೇತಿ.

ಶಿವಗಂಗವ್ವ ಇಕ್ಕಳವನ್ನು ಕೆಳಗಿಟ್ಟಳು. "ಸಾಲ್ಯಾಗ ನಾಲ್ಕನೇ ಇಯತ್ತೆಯಿಂದ ಕಡಿತಾನ ಅಂವ," ಎಂದಳು. "ಪರೀಕ್ಷಾ ಬಂದ್ರ ಸಾಕು, ಬಾಜೂಕ ಮಲಗಿದಾಕಿಗೆ ನಿದ್ದಿ ಇರತಿರಲಿಲ್ಲ. ನಿಮಗ ಅವಾಗ ಸಂತ್ಯಾಗ ಮಂದಿ ಎತ್ತಿನ ಬಾಯಿ ನೋಡೂದ ಭಾಳ ಇತ್ತು."

"ನಿನಗ ಹೇಳಿದ್ರ ಕೆಳಗ ಇಳಿ ಅಂತಿದ್ದಿ, ಅದಕ್ಕ ಹೇಳಲಿಲ್ಲ."

"ಅಂತಿದ್ನಿ. ಅಂದು, ಅಂಬಲಿ ಕಾಸಿ ಕೊಡತಿದ್ನಿ. ಹದಿಮೂರ ದಿನ ಕೂಸಿಗೆ ಕಟಕ ರೊಟ್ಟಿ ಬಡದು ಹಾಕೀನಿ, ನೀವು ಇಬ್ಬರೂ ಸುಮ್ಮನ ಕುಂತು ನೋಡೀರಿ."

ವಿರುಪಾಕ್ಷಪ್ಪನಿಗೆ ಇನ್ನಷ್ಟು ಸಿಟ್ಟು ಬಂತು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಉಪ್ಪು ಹುರಿಯುವ ವಾಸನೆ ಬಂತು. ಬಿಸಿ ಉಪ್ಪನ್ನು ಅರಿವೆಯಲ್ಲಿ ಗಂಟು ಕಟ್ಟಿ ತಂದು, ಮಗನ ತಲೆಯನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು, ಕಿವಿಯ ಮುಂದೆ ಶಾಖ ಕೊಡತೊಡಗಿದಳು. ಕೊಡುತ್ತಾ ಕೆಳಗೆ ಇಳಿ ಅಂದಳು. ಇಪ್ಪತ್ತು ಸಲವಾದರೂ ಅಂದಿರಬೇಕು.

ಸಿದರಾಯನ ಚೀಲದಲ್ಲಿ ಒಂದು ಉಪಾಯವಿತ್ತು. ಅವನ ಹಲ್ಲಿನ ಸುಣ್ಣದಂಥ ಬಿಳಿ ಅಚ್ಚು, ಮೇಲಿನದೊಂದು ಕೆಳಗಿನದೊಂದು. ಚಿಪ್ಪು ಒಡೆದರೆ ಯಾವ ಹಲ್ಲಿನ ಡಾಕ್ಟರೂ ಅದರ ಮೇಲೆ ಹೊಸದು ಮಾಡಿಕೊಡಬಹುದೆಂದು ಅಲ್ಲಿಯ ಡಾಕ್ಟರು ಕೊಟ್ಟಿದ್ದರು. ಮರುದಿನ ತಂದೆ ಮಗ ಅಥಣಿಯ ಬಸ್ ಹತ್ತಿದರು. ಅಚ್ಚು ಟವೆಲ್ಲಿನಲ್ಲಿ ಸುತ್ತಿ ವಿರುಪಾಕ್ಷಪ್ಪನ ತೊಡೆಯ ಮೇಲಿತ್ತು.

ಕಾಗವಾಡದಲ್ಲಿ ಭೀಮಸಿ ಹತ್ತಿದ. ಭೀಮಸಿ ದನದ ದಲ್ಲಾಳಿ. ವಿರುಪಾಕ್ಷಪ್ಪನಿಗೂ ಅವನಿಗೂ ಇಪ್ಪತ್ತು ವರ್ಷದ ಸಂಬಂಧ, ಅದೂ ಬಾಯಿಯದೇ. ರಾಯಬಾಗದಿಂದ ಅಥಣಿಯ ತನಕ ಯಾರು ಎತ್ತು ಕೊಳ್ಳಲಿ, ಹಲ್ಲು ನೋಡಿ ವಯಸ್ಸು ಹೇಳಲು ವಿರುಪಾಕ್ಷಪ್ಪನನ್ನು ಕರೆಯುತ್ತಿದ್ದರು. ಎತ್ತಿನ ತುಟಿ ಸರಿಸಿ, ಹೆಬ್ಬೆರಳು ಆಡಿಸಿ, ನಾಲ್ಕು ಹಲ್ಲು, ಆರು ಹಲ್ಲು, ಬಾಯಿ ಕೂಡೇತಿ ಎಂದು ಅವನು ಅಂದರೆ ಅಲ್ಲಿಗೆ ಮುಗಿಯಿತು. ಒಮ್ಮೆ ಸ್ವಂತ ಭಾವಮೈದುನ ಮಾರಲು ತಂದ ಎತ್ತಿಗೆ ಸಂತೆಯ ನಡುವೆ ಮುದಿ ಎತ್ತು ಎಂದುಬಿಟ್ಟಿದ್ದ. ಶಿವಗಂಗವ್ವನ ತವರಿನವರು ಎರಡು ವರ್ಷ ಅವನ ಹೊಸ್ತಿಲು ತುಳಿಯಲಿಲ್ಲ.

"ಏನ ಕಾಕಾ, ತೊಡಿ ಮ್ಯಾಲ ಕೂಸು ಇಟಗೊಂಡಂಗ ಇಟಗೊಂಡೀದಿ?" ಎಂದು ಭೀಮಸಿ ಟವೆಲ್ಲಿನ ತುದಿ ಸರಿಸಿ ಅಚ್ಚನ್ನು ಎತ್ತಿಕೊಂಡೇಬಿಟ್ಟ. "ಬಾಯಿ ಐತಲ್ಲೋ ಇದು. ಮಾರಾಕ ಹೊಂಟೀಯೇನು? ತಡಿ, ನಾ ಹೇಳತೀನಿ." ಮೇಲಿನದನ್ನು ನೋಡಿದ. "ಮ್ಯಾಲೂ ಮುಂದಿನ ಹಲ್ಲ ಅದಾವು, ಎತ್ತಿಗೆ ಅವು ಇರೂದಿಲ್ಲ. ಎತ್ತಂತೂ ಅಲ್ಲ ಬಿಡು."

ಬಸ್ಸಿನಲ್ಲಿ ಇಬ್ಬರು ಮೂವರು ನಕ್ಕರು. ಭೀಮಸಿ ಕೆಳಗಿನದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳು ಆಡಿಸಿದ. "ಮನಶ್ಯಾಂದು. ಮುದುಕಂದು. ನೋಡಿಲ್ಲಿ, ತುದಿ ಎಲ್ಲಾ ಸವದು ಸಪಾಟ ಆಗ್ಯಾವ. ಕ್ವಾರಿ ಹಲ್ಲಿಗೆ ಮೊನಿನ ಇಲ್ಲ. ಎಪ್ಪತ್ತರ ಆಚಿ ಈಚಿ, ನಕ್ಕೀ. ಯಾರ್ದೋ ಕಾಕಾ, ನಿಮ್ಮ ಮಾವನೋರದೇನು?"

ವಿರುಪಾಕ್ಷಪ್ಪ ಅಚ್ಚನ್ನು ಇಸಿದುಕೊಂಡ. ಅಲ್ಲಿಯ ತನಕ ಅವನು ಅದನ್ನು ಬಿಚ್ಚಿ ನೋಡಿರಲಿಲ್ಲ. ಅವನ ಹೆಬ್ಬೆರಳು ತಾನಾಗಿ ಹಲ್ಲಿನ ಸಾಲಿನ ಮೇಲೆ ಹೋಯಿತು, ಹೋಗಿ ಹಿಂದಿನ ಹಲ್ಲಿನ ಹತ್ತಿರ ನಿಂತಿತು. ಭೀಮಸಿ ಹೇಳಿದ್ದರಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ನೊಗಕ್ಕೆ ಹಾಕಿ ಹಾಕಿ ದಣಿದ ಎತ್ತಿನ ಬಾಯಿ.

"ನನ್ನ ಮಗಂದು," ಎಂದ.

ಭೀಮಸಿ ನಗಲು ಹೋದ. ಕಿಟಕಿಯ ಹತ್ತಿರ ಕೂತ ಸಿದರಾಯನನ್ನು ಆಗ ನೋಡಿದ. ಆಮೇಲೆ ಅಥಣಿ ಬರುವ ತನಕ ಮಳೆ ಬೆಳೆಯ ಮಾತಾಡಿದ.

ಹಲ್ಲಿನ ಡಾಕ್ಟರ ಶಾಂತಿನಾಥ ಸಣ್ಣ ವಯಸ್ಸಿನವರು, ಸಾವಧಾನದವರು. ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ಎರಡು ದಿನದಾಗ ಚಿಪ್ಪು ಮಾಡಿಕೊಡತೀನಿ ಅಂದರು. ಹೇಗೂ ಬಂದಿದ್ದಾರಲ್ಲ ಅಂತ ಸಿದರಾಯನನ್ನು ಕುರ್ಚಿಯ ಮೇಲೆ ಕೂಡಿಸಿ ಕೆನ್ನೆಯ ಸ್ನಾಯು ಒತ್ತಿದರು.

"ಇಲ್ಲಿ ನೋವು ಐತೇನ್ರಿ?"

"ಇಲ್ರಿ."

ಇನ್ನೂ ಸ್ವಲ್ಪ ಹಿಂದೆ, ಕಿವಿಯ ಕೆಳಗೆ ಒತ್ತಿದರು. "ಇಲ್ಲಿ?"

"ಇಲ್ರಿ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ವಿರುಪಾಕ್ಷಪ್ಪನಿಗೆ ಮಗನ ಮುಖ ಕಾಣುತ್ತಿರಲಿಲ್ಲ, ಪಾದ ಕಾಣುತ್ತಿತ್ತು. ಬೂಟಿನೊಳಗೆ ಬೆರಳು ಮಡಿಚಿಕೊಂಡದ್ದು ಚರ್ಮದ ಮೇಲಿಂದಲೇ ಗೊತ್ತಾಗುತ್ತಿತ್ತು. ಬಾತ ಹೆಗಲನ್ನು ಮುಟ್ಟಿದರೆ ಎತ್ತು ಹೀಗೇ ಹಿಂಗಾಲು ಸರಿಸುತ್ತದೆ.

ಬಸ್ ಸ್ಟ್ಯಾಂಡಿನ ಹೊಟೆಲ್ಲಿನಲ್ಲಿ ಚಹಾ ಹೇಳಿದರು. ಸಿದರಾಯ ಬನ್ನನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ. ವಿರುಪಾಕ್ಷಪ್ಪ ತನ್ನ ಚಹಾ ಮುಟ್ಟಲಿಲ್ಲ.

"ಐದನೇ ತಾರೀಖಿಗೂ ಹಿಂಗ ಹೇಳಾಂವೇನು? ಇಲ್ರಿ, ಇಲ್ರಿ ಅಂತ?"

"ಅಷ್ಟೊತ್ತಿಗೆ ಕಡಿಮಿ ಆಗತೈತಿ ಅಪ್ಪಾ."

"ಆಗದಿದ್ರ?"

ಸಿದರಾಯ ಬನ್ನು ಕೆಳಗಿಟ್ಟ. "ಆಗದಿದ್ರ ಒಂದ ನಿಮಿಷದ ಮಾತದು. ಬಾಯಿ ತೆಗದು ತೋರಸೂದು. ತಡಕೊಂಡ್ರ ಆತು."

"ಮ್ಯಾಲ ಇದ್ದಾಗ ಹಿಡಕೊಂಡ್ರ?"

ಸಿದರಾಯ ಲೋಟ ಕೈಗೆತ್ತಿಕೊಂಡ.

"ಒಮ್ಮೆ ಹಿಡಕೊಂಡಿತ್ತು," ಎಂದ ಸಿದರಾಯ, ಲೋಟದೊಳಗೆ ನೋಡುತ್ತಾ. "ನವೆಂಬರದಾಗ. ಬಾಜೂಕ ಇದ್ದ ವಿಮಾನದಾಂವ ರೇಡಿಯೋದಾಗ ಕೇಳಿದ, ಎಲ್ಲಿ ಅದಿ ಅಂತ. ಬಾಯಿ ಬಿಡಲಿಲ್ಲ. ಎರಡ ಸೆಕೆಂಡ್. ಆಮ್ಯಾಲ ಬಿಟ್ತು, ಹೇಳಿದ್ನಿ. ಏನೂ ಆಗಲಿಲ್ಲ."

"ಎರಡ ಸೆಕೆಂಡಿಗೆ ನಿಮ್ಮ ವಿಮಾನ ಎಷ್ಟ ದೂರ ಹೋಗತೈತೋ?"

"ಅರ್ಧ ಕಿಲೋಮೀಟರ."

ವಿರುಪಾಕ್ಷಪ್ಪ ಜುಗೂಳದ ತಮ್ಮ ಮನೆಯಿಂದ ಹೊಳೆಯ ತನಕದ ದಾರಿಯನ್ನು ನೆನೆದ. ಅಷ್ಟೂ ದಾರಿ ಬಾಯಿಲ್ಲದೆ. ಪಕ್ಕದಲ್ಲಿ ಇನ್ನೊಬ್ಬರ ಮಗ.

"ಖರೇ ಹೇಳಬೇಕು ನೀ," ಎಂದ. "ನೋವು ಐತಿ ಅಂತ ಹೇಳಬೇಕು."

"ಹೇಳಿದ್ರ ಮಾರ್ಚದ ತರಬೇತಿ ಹೋತು. ನನಕಿಂತ ಎರಡ ವರ್ಷ ಸಣ್ಣಾಂವ ಹೋಗತಾನ. ನಿನಗ ತಿಳಿಯೂದಿಲ್ಲ ಅಪ್ಪಾ."

"ತಿಳಿಯೂದಿಲ್ಲ. ಬಾತ ಹೆಗಲಿಗೆ ನೊಗ ಇಡಬಾರದು ಅನ್ನೂದಷ್ಟ ತಿಳಿತೈತಿ. ತಿಂಗಳ ಬಿಟ್ಟರ ಮತ್ತ ಎಳಿತೈತಿ. ಬಿಡಲಿಲ್ಲಂದ್ರ ಹುಣ್ಣಾಗಿ ಜಲಮಪೂರ್ತಿ ಕೆಲಸಕ್ಕ ಬರೂದಿಲ್ಲ."

"ನಾ ನಿನ್ನ ಎತ್ತ ಅಲ್ಲ."

"ಎತ್ತ ಆಗಿದ್ರ ಚಲೋ ಇತ್ತು. ಎತ್ತ ಸುಳ್ಳ ಹೇಳೂದಿಲ್ಲ." ಪಕ್ಕದ ಮೇಜಿನವರು ತಿರುಗಿ ನೋಡಿದರು. ವಿರುಪಾಕ್ಷಪ್ಪ ದನಿ ಇಳಿಸಿದ. "ಇಪ್ಪತ್ತ ವರ್ಷ ಮಂದಿ ಎತ್ತಿನ ಬಾಯಿ ನೋಡೀನಿ, ಸುಳ್ಳ ಹೇಳಿಲ್ಲ. ನಿಮ್ಮ ಸೋದರಮಾವನ ಎತ್ತಿಗೂ ಹೇಳಿಲ್ಲ. ಹದಿನೈದ ದಿನದಿಂದ ನಿನ್ನ ಬಾಯಿಗೆ ಸುಳ್ಳ ಹೇಳಾಕತ್ತೀನಿ. ಹಸಿವ್ಯಾಗೇತಿ ಅಂತ ಕಬ್ಬು ಕಸಗೊಂಡು ತಿಂದೀನಿ, ಒಂದ ಹಲ್ಲು ಹೋತು. ನನಗ ಸಾಕಾತು ನೋಡು."

ಸಿದರಾಯ ಎದ್ದು ಹೋಗಿ ಬಸ್ಸಿನಲ್ಲಿ ಕೂತ.

ಹೊಸ ಚಿಪ್ಪು ಬಂತು. ಈ ಸಲ ಅದಕ್ಕೆ ಶಿವಗಂಗವ್ವ ತಾನೇ ಒಂದು ಗಾಜಿನ ಲೋಟ ತೆಗೆದಿಟ್ಟಳು, ಮೇಲೊಂದು ತಟ್ಟೆ ಮುಚ್ಚಿದಳು, ಯಾರೂ ಮುಟ್ಟದ ಹಾಗೆ ದೇವರ ಜಗಲಿಯ ಮೇಲೇ ಇಟ್ಟಳು. ಎಂಜಲು ಅಂತ ಕೆಂಪವ್ವ ಗೊಣಗಿದರೆ, ಇರಲಿ ಬಿಡ್ರಿ ಅಕ್ಕಾ, ದೇವರಿಗೂ ಗೊತ್ತಾಗಲಿ ಅಂದಳು. ದುಂಡವ್ವನ ಮನೆಗೆ ತಾನೇ ಹೋಗಿ, ಹೊಸ ಕುಪ್ಪಸದ ಬಟ್ಟೆ ಕೊಟ್ಟು ಕರೆದು ತಂದಳು. ನುಚ್ಚು, ಅಂಬಲಿ, ಹಾಲಿನಲ್ಲಿ ಮುರಿದು ನೆನೆಸಿದ ರೊಟ್ಟಿ, ದಿನಕ್ಕೆ ಮೂರು ಸಲ ಉಪ್ಪಿನ ಶಾಖ. ಊರಿನವರಿಗೂ ಅವಳೇ ಹೇಳಿಬಿಟ್ಟಳು, ನಮ್ಮ ಹುಡುಗನ ದವಡಿ ನೋವು ಐತಿ, ಏನೂ ತರಬ್ಯಾಡ್ರಿ. ಎರಡೇ ಮಾತು. ಮರುದಿನದಿಂದ ಜನ ಬಾಳೆಹಣ್ಣು ತಂದರು. ಹದಿನೈದು ದಿನ ತಾನು ಪಟ್ಟ ಪಾಡು ನೆನೆದು ವಿರುಪಾಕ್ಷಪ್ಪನಿಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಹೊರಡುವ ದಿನ ಸಿದರಾಯ ಅಂಗಳದಲ್ಲಿ ನಿಂತು ಬೆರಳು ಜೋಡಿಸಿದ. ಎರಡು ಹೋದವು, ಮೂರನೆಯದರ ಅರ್ಧ ಹೋಯಿತು. ಉಳಿದರ್ಧಕ್ಕೆ ಕಣ್ಣಲ್ಲಿ ನೀರು ಬಂತು. ಅಪ್ಪನ ಕಡೆ ನೋಡಿದ.

"ಎರಡೂವರಿ," ಎಂದ ವಿರುಪಾಕ್ಷಪ್ಪ, ಸಂತೆಯಲ್ಲಿ ಹೇಳುವ ಹಾಗೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮಿರಜಿನ ಸ್ಟೇಶನ್ನಿನಲ್ಲಿ ಮಗ ಕಾಲು ಮುಟ್ಟಿದ. ಆದರೆ ಮುಖ ಬಿಗಿದೇ ಇತ್ತು, ಗಾಡಿ ಬಿಟ್ಟ ಮೇಲೆ ಕೈ ಬೀಸಲಿಲ್ಲ.

ಫೆಬ್ರುವರಿ ಐದು ಹೋಯಿತು, ಹತ್ತು ಹೋಯಿತು. ಕಾಗದವಿಲ್ಲ. ಶಿವಗಂಗವ್ವ ದಿನಾ ಪೋಸ್ಟಿನವನನ್ನು ಕಾದಳು. ವಿರುಪಾಕ್ಷಪ್ಪ ಕಾಯಲಿಲ್ಲ, ಆದರೆ ಪೋಸ್ಟಿನವನು ಬರುವ ಹೊತ್ತಿಗೆ ಅವನಿಗೆ ಅಂಗಳದಲ್ಲೇ ಏನಾದರೂ ಕೆಲಸ ಇರುತ್ತಿತ್ತು.

ಹದಿನೆಂಟನೆಯ ತಾರೀಖು ಲಗಮಣ್ಣ ಹೊಸ ಎತ್ತು ಕೊಳ್ಳುವವನಿದ್ದ. ಗಾಣದ ಹತ್ತಿರ ಎತ್ತು ನಿಂತಿತ್ತು, ಮಾರುವವನು ನಿಂತಿದ್ದ, ವಿರುಪಾಕ್ಷಪ್ಪ ತೋಳು ಮೇಲೇರಿಸುತ್ತಿದ್ದ. ಅಷ್ಟರಲ್ಲಿ ಶಿವಗಂಗವ್ವ ಹೊಲದ ಬದುವಿನ ಮೇಲೆ ಬಿರಬಿರನೆ ಬಂದಳು, ಕೈಯಲ್ಲಿ ನೀಲಿ ಇನ್‌ಲ್ಯಾಂಡ್ ಕಾಗದ. "ಓದ್ರಿ," ಎಂದಳು. "ಎಲ್ಲಾರ ಮುಂದ ಓದ್ರಿ, ನನಗೇನ ನಾಚಿಕಿಲ್ಲ."

ವಿರುಪಾಕ್ಷಪ್ಪ ಓದಿದ.

'ತೀರ್ಥರೂಪ ಅಪ್ಪ, ಅವ್ವ ಇವರಿಗೆ ನಮಸ್ಕಾರ. ಐದನೇ ತಾರೀಖು ತಪಾಸಣೆ ಆಯಿತು. ಡಾಕ್ಟರು ನೋವು ಐತೇನು ಅಂತ ಕೇಳಿದರು. ಐತಿ ಅಂದೆ. ನವೆಂಬರದ ರೇಡಿಯೋದ ಮಾತನ್ನೂ ಹೇಳಿದೆ. ಮೂರು ತಿಂಗಳು ಹಾರುವಂತಿಲ್ಲ. ಮಾರ್ಚಿನ ತರಬೇತಿಗೆ ಬೇರೆಯವನ ಹೆಸರು ಹೋಗಿದೆ. ಈಗ ಆಫೀಸಿನಲ್ಲಿ ಕೂತು ಕಾಗದದ ಕೆಲಸ ಮಾಡುತ್ತೇನೆ. ಅಪ್ಪನಿಗೆ ಸಮಾಧಾನ ಆಗಿರಬೇಕು. ಇಷ್ಟು ದಿನ ಬರೆಯಲಿಲ್ಲ, ಸಿಟ್ಟು ಇತ್ತು, ಇನ್ನೂ ಪೂರ್ತಿ ಹೋಗಿಲ್ಲ. ನಾನು ಹೇಳಿದ ಮೇಲೆ ನಮ್ಮ ಪೈಕಿ ಇನ್ನೂ ಮೂರು ಜನ ಡಾಕ್ಟರ ಹತ್ತಿರ ಹೋಗಿ ದವಡೆ ತೋರಿಸಿದ್ದಾರೆ. ಅವರೂ ನನ್ನ ಹಾಗೇ ಮುಚ್ಚಿಕೊಂಡು ಇದ್ದರಂತೆ. ಮೇ ತಿಂಗಳಲ್ಲಿ ಮತ್ತೆ ತಪಾಸಣೆ. ಅಥಣಿಯ ಚಿಪ್ಪು ಚೆನ್ನಾಗಿ ಕೂಡುತ್ತದೆ. ಅವ್ವನ ಉಪ್ಪಿನ ಗಂಟಿನ ಬದಲು ಇಲ್ಲಿ ರಬ್ಬರಿನ ಚೀಲ ಕೊಡುತ್ತಾರೆ, ಅಷ್ಟು ಆಗಿಬರುವುದಿಲ್ಲ.'

"ಮೂರ ತಿಂಗಳ," ಎಂದಳು ಶಿವಗಂಗವ್ವ. "ಮೂರ ತಿಂಗಳರ ನೆಲದ ಮ್ಯಾಲ ಇರತಾನಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರ ಆ ತರಬೇತಿ ಹೋತಲ್ರಿ. ಕೂಸು ಎಷ್ಟ ಆಶಾ ಇಟಗೊಂಡಿತ್ತು. ನೀವರ ಯಾಕ ಅಷ್ಟ ಬಿರಸ ಹೇಳಬೇಕಿತ್ತು?"

ವಿರುಪಾಕ್ಷಪ್ಪ ಅವಳ ಮುಖ ನೋಡಿದ. ಇಪ್ಪತ್ತು ಸಲ ಕೆಳಗೆ ಇಳಿ ಅಂದವಳು ಇವಳೇ. ಇಳಿಸಿದ್ದಕ್ಕೆ ಬೈಯುವವಳೂ ಇವಳೇ. ಅಲ್ಲಿ ಮಗ ಸಿಟ್ಟಾಗಿದ್ದಾನೆ, ಇಲ್ಲಿ ಇವಳು. ಕಾಗದವನ್ನು ಮಡಿಚಿ ಅಂಗಿಯ ಒಳಕಿಸೆಯಲ್ಲಿಟ್ಟ. ಇಡುವಾಗ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಅಣ್ಣಾ, ಎತ್ತು ನಿಂತೈತಿ," ಎಂದ ಲಗಮಣ್ಣ ಮೆಲ್ಲಗೆ.

ವಿರುಪಾಕ್ಷಪ್ಪ ಎತ್ತಿನ ತುಟಿ ಸರಿಸಿದ, ಹೆಬ್ಬೆರಳು ಆಡಿಸಿದ. "ಆರು ಹಲ್ಲು," ಎಂದ. "ಆದ್ರ ಹೆಗಲ ಬಾತೈತಿ. ಕೊಳ್ಳಾಂವ ಇದ್ರ ತಿಂಗಳ ದುಡಸಬ್ಯಾಡ." ಮಾರುವವನು ಏನೋ ಹೇಳಲು ಬಾಯಿ ತೆರೆದ. ವಿರುಪಾಕ್ಷಪ್ಪ ನೋಡಿದ ನೋಟಕ್ಕೆ ಮುಚ್ಚಿಕೊಂಡ.

ಲಗಮಣ್ಣ ವಾಡಿಕೆಯಂತೆ ಎದೆಯುದ್ದದ ಕಬ್ಬು ಸುಲಿದು ಮುಂದೆ ಹಿಡಿದ. ವಿರುಪಾಕ್ಷಪ್ಪ ಅದನ್ನು ಮೇಲಿಂದ ಕೆಳಗಿನ ತನಕ ನೋಡಿದ.

"ಒಯ್ಯೋ ಅತ್ಲಾಗ," ಎಂದ. "ನನಗ ಕಬ್ಬು ಸೇರೂದಿಲ್ಲ. ಆ ಸಲಾನೂ ಸೇರಿರಲಿಲ್ಲ."